ಮುದ್ದಣನ ಕಲಿಕೆಯೂ ಮನೋರಮೆಯ ತೀರ್ಪೂ

ಕವಿಗಳೆಂದು ಹೆಸರಾದವರ ಚರಿತ್ರೆಗಳು ಬೇಕಾದಷ್ಟಿವೆ. ಕವಿಯಾಗಬೇಕೆಂದು ಹೊರಟವನು ದಿನದಿನವೂ ಹೇಗೆ ಬಾಳಿದನು, ಯಾರಿಂದ ಏನನ್ನು ಕಲಿತನು, ಕಲಿತುದರಲ್ಲಿ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಟ್ಟನು ಎಂಬುದನ್ನು ತಿಳಿಸುವ ಬರಹಗಳು ಮಾತ್ರ ವಿರಳ. ಮನೆ ಕಟ್ಟಿ ಮುಗಿದ ಮೇಲೆ ಸಾರವೆಯನ್ನು ಬಿಚ್ಚಿ ಹಾಕುವಂತೆ, ಗ್ರಂಥವು ಮುಗಿದ ಮೇಲೆ ಕಲಿಕೆಯ ಗುರುತುಗಳನ್ನೆಲ್ಲ ಅಳಿಸಿಬಿಡುವುದು ಕವಿಗಳ ವಾಡಿಕೆಯಾಗಿದೆ. ಕನ್ನಡದಲ್ಲಿ ಈ ವಾಡಿಕೆಯನ್ನು ಮೀರಿದ ಗ್ರಂಥವೊಂದುಂಟು. ಅದು ನಂದಳಿಕೆಯ ಲಕ್ಷ್ಮೀನಾರಣಪ್ಪನು ಮುದ್ದಣನೆಂಬ ಹೆಸರಿನಲ್ಲಿ ರಚಿಸಿದ ಶ್ರೀರಾಮಾಶ್ವಮೇಧ. ಈ ಗ್ರಂಥದ ಮುದ್ದಣ ಮನೋರಮೆಯರ ಸಂವಾದವನ್ನು ಮೆಚ್ಚದ ಕನ್ನಡಿಗರಿಲ್ಲ. ಆದರೆ ಸಾಮಾನ್ಯವಾಗಿ ಅದನ್ನು ಸರಸಸಲ್ಲಾಪವೆಂದು ಮೆಚ್ಚಿ, ಶಾಲೆಯ ಪಾಠಪುಸ್ತಕಕ್ಕೆ ತಕ್ಕ ಭಾಗವೆಂದು ಆಯ್ದುಕೊಂಡು, ಅಲ್ಲಿಗೇ ಬಿಟ್ಟುಬಿಡುವುದುಂಟು. ಅದನ್ನು ಒಬ್ಬ ಕಲಿಯುವ ಬರಹಗಾರನು ತನ್ನ ಬರವಣಿಗೆಯನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡ ಸ್ಥಳವೆಂದು ಓದಿದರೆ, ಗ್ರಂಥದ ಗುಣವೂ ಕೊರತೆಯೂ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಲಕ್ಷ್ಮೀನಾರಣಪ್ಪನು ಹುಟ್ಟಿದುದು 1870ರಲ್ಲಿ. ನಂದಳಿಕೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಹಳ್ಳಿ. ಈಗ ಅದು ಉಡುಪಿ ಜಿಲ್ಲೆಯಲ್ಲಿದೆ. ಬಡತನದ ಮನೆ. ಇಂಗ್ಲಿಷ್ ವಿದ್ಯಾಭ್ಯಾಸವು ಬಹಳ ದೂರ ಸಾಗಲಿಲ್ಲ. ಮದರಾಸಿಗೆ ಹೋಗಿ ವ್ಯಾಯಾಮಶಿಕ್ಷಣದ ತರಬೇತಿಯನ್ನು ಪಡೆದು ಬಂದು, ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ಅವನು ವ್ಯಾಯಾಮದ ಉಪಾಧ್ಯಾಯನಾಗಿ ಕೆಲಸ ಮಾಡಿದನು. ಮಕ್ಕಳ ಬಾಯಲ್ಲಿ ಅವನು ಡ್ರಿಲ್ ಮಾಸ್ತರ. ಶಾಲೆಯ ಉಪಾಧ್ಯಾಯರಲ್ಲಿ ಡ್ರಿಲ್ ಮಾಸ್ತರನ ಸ್ಥಾನವೆಷ್ಟೆಂಬುದನ್ನು ಬಲ್ಲವರು ಬಲ್ಲರು. ಅವನಿಂದ ಯಾರೂ ಪಾಂಡಿತ್ಯವನ್ನು ನಿರೀಕ್ಷಿಸುವುದಿಲ್ಲ; ಅವನಲ್ಲಿ ಅದು ಇದ್ದರೂ ಕಾಣುವುದಿಲ್ಲ. ಬಿಸಿಲಿನಲ್ಲಿ ನಿಂತು ಸಾಲು ತಿದ್ದಿ ಹುಡುಗರ ಕೈಕಾಲುಗಳನ್ನು ಒಂದೇ ಲಯಕ್ಕೆ ತರುವ ಕೆಲಸ ಮುಗಿದ ಮೇಲೆ ಉಳಿದ ಹೊತ್ತೇ ಅವನ ಸಾಹಿತ್ಯವ್ಯವಸಾಯಕ್ಕೆ ದೊರೆತ ಹೊತ್ತು. 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ 31 ವರ್ಷ ವಯಸ್ಸು. ದೊಡ್ಡ ವಿದ್ಯಾಲಯದ ಆಶ್ರಯವಾಗಲಿ ಅರಸರ ಆಶ್ರಯವಾಗಲಿ ಅವನಿಗೆ ಇದ್ದಿಲ್ಲ.

ಹೀಗಿದ್ದವನು ಎಲ್ಲಿ ಕಲಿತನು? ಅವನ ಮೊದಲ ಪಾಠಶಾಲೆಯು ಯಕ್ಷಗಾನವೆನ್ನಬೇಕು. ತುಳು ಮಾತೇ ಮನೆಮಾತಾಗಿ ಹರಡಿರುವ ಆ ಕರಾವಳಿಯ ಪ್ರದೇಶದಲ್ಲಿ ಹಳ್ಳಿಯ ಹುಡುಗನ ಕಿವಿಗೆ ಪ್ರೌಢವಾದ ಕನ್ನಡವು ಬೀಳುತ್ತಿದ್ದುದು ಹೆಚ್ಚಾಗಿ ರಾತ್ರಿಯ ಬಯಲಾಟದಲ್ಲಿ. ಭಾಗವತನ ಪದ್ಯಗಳನ್ನೂ ವೇಷಧಾರಿಗಳ ಅರ್ಥವನ್ನೂ ಬೆಳಗಾಗುವ ತನಕ ಕೇಳಿದವನಿಗೆ ಛಂದಸ್ಸು ಪುಸ್ತಕದಿಂದ ಬರಬೇಕಾದುದಿಲ್ಲ. ಮುದ್ದಣನು ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಯಕ್ಷಗಾನ ಪ್ರಸಂಗಗಳನ್ನು ತಾನೇ ರಚಿಸಿದನು. ಕುಂದಾಪುರದಲ್ಲಿ ದೊರೆತ ಮಳಲಿ ಸುಬ್ಬರಾಯರ ಒಡನಾಟವು ಅವನ ಎರಡನೆಯ ಪಾಠಶಾಲೆ. ಸಾಹಿತ್ಯವನ್ನು ಬಲ್ಲ ಗೆಳೆಯನೊಬ್ಬನು ಹತ್ತಿರವಿರುವುದು ಎಳೆಯ ಬರಹಗಾರನಿಗೆ ಎಷ್ಟು ದೊಡ್ಡ ಭಾಗ್ಯವೆಂಬುದನ್ನು ಹೇಳಬೇಕಾದುದಿಲ್ಲ.

ಮೂರನೆಯ ಪಾಠಶಾಲೆಯು ಅಚ್ಚಿನ ಮನೆ. ಮುದ್ದಣನ ಕಾಲದಲ್ಲಿ ಹಳಗನ್ನಡವು ಓಲೆಗರಿಗಳಿಂದ ಹೊರಬಂದು ಮುದ್ರಿತ ಪುಸ್ತಕವಾಗುತ್ತಿದ್ದಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ ಸಾಹೇಬರು 1872ರಲ್ಲಿ ಮಂಗಳೂರಿನಿಂದ ಹೊರಡಿಸಿದ್ದರು. ಅವರ ಮಹಾನಿಘಂಟು 1894ರಲ್ಲಿ ಅದೇ ಮಂಗಳೂರಿನಲ್ಲಿ ಅಚ್ಚಾಯಿತು. ಕವಿರಾಜಮಾರ್ಗವೂ ಪಂಪಭಾರತವೂ 1898ರಲ್ಲಿ ಬೆಳಕು ಕಂಡುವು. ಸಾವಿರ ವರ್ಷದ ಹಿಂದಿನ ಕವಿಯು ನಿನ್ನೆ ಮೊನ್ನೆ ಹುಟ್ಟಿದವನಂತೆ ಹೊಸದಾಗಿ ಮಾತನಾಡತೊಡಗಿದ ಕಾಲವದು. ವಿದ್ವಾಂಸರ ಕಣ್ಣೆಲ್ಲ ಹಿಂದಕ್ಕೆ ತಿರುಗಿದ್ದಿತು. ಹಳೆಯ ಕವಿಯೆಂದರೆ ಆದರ, ಇಂದಿನವನೆಂದರೆ ಸಂದೇಹ. ಈ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುದ್ದಣನು ಹೂಡಿದ ಉಪಾಯವನ್ನು ನ್ಯಾಯವಾಗಿ ಅಳೆಯಲಾಗದು.

ಆ ಉಪಾಯವು ಪ್ರಸಿದ್ಧವಾಗಿದೆ. ಅದ್ಭುತ ರಾಮಾಯಣ, ಶ್ರೀರಾಮಪಟ್ಟಾಭಿಷೇಕ, ಶ್ರೀರಾಮಾಶ್ವಮೇಧ ಎಂಬ ತನ್ನ ಕೃತಿಗಳನ್ನು ಅವನು ಮೈಸೂರಿಗೆ ಕಳುಹಿಸಿದುದು ಹಿಂದಿನ ಕವಿಯೊಬ್ಬನ ಗ್ರಂಥಗಳೆಂಬ ಭಾವನೆ ಬರುವಂತೆ. ಹಳೆಯ ಕಾವ್ಯಗಳನ್ನು ಪ್ರಕಟಿಸುತ್ತಿದ್ದ ಕಾವ್ಯಮಂಜರಿ, ಕಾವ್ಯಕಲಾನಿಧಿಗಳಲ್ಲಿ ಅವು ಬೆಳಕಿಗೆ ಬಂದುವು. ಉಡುಪಿಯ ಡ್ರಿಲ್ ಮಾಸ್ತರನೇ ಆ ಕವಿಯೆಂಬುದು ಲೋಕಕ್ಕೆ ತಿಳಿದುದು ಅವನು ತೀರಿಕೊಂಡ ಮೇಲೆ. ಇದನ್ನು ಕೆಲವರು ಕವಿಯ ಸಂಕೋಚವೆಂದು ಕೊಂಡಾಡಬಹುದು. ಕೆಲವರು ವಂಚನೆಯೆಂದು ಆಡಿಕೊಳ್ಳಬಹುದು. ಎರಡೂ ಪೂರ್ತಿ ಸರಿಯಲ್ಲ. ತನ್ನ ಹೆಸರನ್ನು ನೋಡಿ ಬರಹವನ್ನು ತಳ್ಳಿಬಿಟ್ಟಾರು ಎಂಬ ಭಯವಿದ್ದವನು ಬರಹವನ್ನು ಮಾತ್ರ ನೋಡಿರೆಂದು ಬೇಡಿದ ರೀತಿಯಿದು. ಈ ಮರೆಗಾಗಿ ಅವನು ಆಯ್ದುಕೊಂಡ ಹೆಸರಾದರೂ ಯಾವುದು? ಎಳವೆಯಲ್ಲಿ ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರು. ಲೋಕಕ್ಕೆ ಅದು ಪ್ರಾಚೀನ ಕವಿಯೊಬ್ಬನ ಅಂಕಿತ. ನಂದಳಿಕೆಯ ಮನೆಯಲ್ಲಿ ಮಾತ್ರ ಅದು ಮಗುವಿನ ಹೆಸರು. ಹಳೆಯ ಕಾಲದ ಮರೆಯೊಳಗೆ ಮನೆಯನ್ನು ಅಡಗಿಸಿಡುವ ಈ ಅಭ್ಯಾಸವೇ ಅವನ ಶ್ರೇಷ್ಠ ಗ್ರಂಥದ ರಚನೆಯಲ್ಲಿಯೂ ಕೆಲಸ ಮಾಡಿದೆ.

ಮೂರು ಕೃತಿಗಳನ್ನು ಒಂದರ ಪಕ್ಕಕ್ಕೆ ಒಂದನ್ನಿಟ್ಟು ನೋಡಿದರೆ ಕಲಿಯುವವನ ದಾರಿಯು ಕಾಣುತ್ತದೆ. ಅದ್ಭುತ ರಾಮಾಯಣವು ಗದ್ಯ. ಸೀತೆಯೇ ಸಹಸ್ರಕಂಠನನ್ನು ಕೊಲ್ಲುವ ವಿಚಿತ್ರವಾದ ಕತೆ. ಕತೆಯ ಬೆರಗೇ ಅಲ್ಲಿ ಪ್ರಧಾನ. ಶ್ರೀರಾಮಪಟ್ಟಾಭಿಷೇಕವು ವಾರ್ಧಕ ಷಟ್ಪದಿಯಲ್ಲಿದೆ; ಅದು ಲಕ್ಷ್ಮೀಶನ ಜೈಮಿನಿ ಭಾರತದಿಂದ ಮನೆಮನೆಯಲ್ಲಿಯೂ ಕೇಳಿಬಂದ ಛಂದಸ್ಸು. ಅದರಲ್ಲಿ ಕೈಯಾಡಿಸದೆ ಕವಿಯೆನಿಸಿಕೊಳ್ಳುವುದು ಆ ಕಾಲದ ಎಳೆಯ ಬರಹಗಾರನಿಗೆ ಕಷ್ಟವೇ ಆಗಿದ್ದಿತು. ಎರಡು ಬಗೆಯ ಅಭ್ಯಾಸವೂ ಆದ ಮೇಲೆ, ಇನ್ನು ತನ್ನ ದಾರಿ ಯಾವುದೆಂಬ ಪ್ರಶ್ನೆ ಅವನ ಮುಂದೆ ನಿಂತಿರಬೇಕು. ಬೇರೆ ಕವಿಗಳಾದರೆ ಇಂಥ ಪ್ರಶ್ನೆಯನ್ನು ಪೀಠಿಕೆಯಲ್ಲಿ ಪೂರ್ವಕವಿಸ್ತುತಿ, ಕುಕವಿನಿಂದೆಗಳ ಮೂಲಕ ತೀರಿಸಿಕೊಳ್ಳುತ್ತಾರೆ. ಮುದ್ದಣನು ಹಾಗೆ ಮಾಡದೆ, ಆ ಪ್ರಶ್ನೆಯನ್ನು ಹೆಂಡತಿಯ ಬಾಯಲ್ಲಿಟ್ಟು ಮನೆಯ ನಡುವೆ ಕೇಳಿಸಿದನು.

ರಾಮಾಶ್ವಮೇಧವು ಮಳೆಗಾಲದಲ್ಲಿ ತೊಡಗುತ್ತದೆ. ಅರಮನೆಯಿಂದ ಕವಿಯು ಮನೆಗೆ ಬರುತ್ತಾನೆ. ಹೊತ್ತು ಹೋಗುವುದಕ್ಕೆ ಒಂದು ಒಳ್ಳೆಯ ಕತೆಯನ್ನು ಹೇಳಬೇಕೆಂದು ಮನೋರಮೆಯು ಕೇಳುತ್ತಾಳೆ. ಮಳೆಗಾಲದ ವರ್ಣನೆಯನ್ನು ಕಾವ್ಯಲಕ್ಷಣದ ಅಷ್ಟಾದಶವರ್ಣನೆಗಳಲ್ಲಿ ಒಂದೆಂದು ಎಣಿಸಿ ಮುಂದೆ ಹೋಗಬಹುದು. ಆದರೆ ಕರಾವಳಿಯ ಬಾಳನ್ನು ಬಲ್ಲವರಿಗೆ ಅದರ ಅರ್ಥವು ಅಷ್ಟಕ್ಕೆ ಮುಗಿಯುವುದಿಲ್ಲ. ಪತ್ತನಾಜೆಗೆ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ಮೇಲೆ ಬಯಲಿನಲ್ಲಿ ಆಟವಿಲ್ಲ. ಮಳೆಯು ಜನರನ್ನು ಸೂರಿನ ಕೆಳಗೆ ಕೂಡಿಹಾಕುತ್ತದೆ. ಆಗ ನಡೆಯುವುದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಮಾತಿನಿಂದಲೇ ಕತೆಯನ್ನು ಕಟ್ಟುತ್ತಾರೆ. ಒಬ್ಬನು ಹೇಳಿದುದನ್ನು ಇನ್ನೊಬ್ಬನು ಸುಮ್ಮನೆ ಒಪ್ಪುವುದಿಲ್ಲ. ಪ್ರಶ್ನೆ ಹಾಕುತ್ತಾನೆ, ಕೊಂಕುತ್ತಾನೆ, ಮಾತಿನ ತುದಿಯನ್ನು ಹಿಡಿದು ಎಳೆಯುತ್ತಾನೆ. ಮುದ್ದಣ ಮನೋರಮೆಯರ ಸಂವಾದದ ಚುರುಕು ಸಂಸ್ಕೃತ ನಾಟಕದ ವಿದೂಷಕನಿಂದ ಬಂದುದಕ್ಕಿಂತ ಹೆಚ್ಚಾಗಿ ಈ ಚಾವಡಿಯ ಮಾತಿನಿಂದ ಬಂದುದೆಂದು ತೋರುತ್ತದೆ. ಪ್ರಸಂಗಕರ್ತನಾಗಿದ್ದವನು ಅರ್ಥಗಾರಿಕೆಯ ರಹಸ್ಯವನ್ನು ಅರಿಯದಿರುವುದು ಸಾಧ್ಯವಿಲ್ಲ. ಚಾವಡಿಯಲ್ಲಿ ಗಂಡಸರು ನಡೆಸುವ ವಾದವನ್ನು ಮನೆಯೊಳಕ್ಕೆ ತಂದು, ಎದುರಾಳಿಯ ಸ್ಥಾನದಲ್ಲಿ ಗೃಹಿಣಿಯನ್ನು ಕುಳ್ಳಿರಿಸಿದುದೇ ಅವನ ಸ್ವಂತ ಕಲ್ಪನೆ.

ಹಾಗೆ ಕುಳಿತ ಮನೋರಮೆಯು ಎರಡು ತೀರ್ಪುಗಳನ್ನು ಕೊಡುತ್ತಾಳೆ. ಕತೆಯನ್ನು ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಎಂಬ ಪ್ರಶ್ನೆ ಬಂದಾಗ ಅವಳು ಪದ್ಯವನ್ನು ತಳ್ಳಿ ಗದ್ಯವನ್ನು ಬೇಡುತ್ತಾಳೆ. ಇದು ಮೊದಲನೆಯದು. ಇದರ ಧೈರ್ಯವನ್ನು ಇಂದು ಅರಿಯುವುದು ಸುಲಭವಲ್ಲ. ಕನ್ನಡದಲ್ಲಿ ಗದ್ಯವಿದ್ದಿಲ್ಲವೆಂದಲ್ಲ. ಚಾವುಂಡರಾಯಪುರಾಣವು ಹತ್ತನೆಯ ಶತಮಾನದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಂಪುನಾರಾಯಣನ ಮುದ್ರಾಮಂಜೂಷವಿದ್ದಿತು. ಆದರೆ ವಡ್ಡಾರಾಧನೆಯಂಥ ಗದ್ಯಕಾವ್ಯವು ಅಚ್ಚಾಗಿ ಓದುಗರ ಕೈಸೇರಿದುದು ಇಪ್ಪತ್ತನೆಯ ಶತಮಾನದಲ್ಲಿ. ಮುದ್ದಣನಿಗೆ ಅದರ ಬೆಂಬಲವು ದೊರೆಯಲಾರದಾಗಿದ್ದಿತು. ಕಾವ್ಯವೆಂದರೆ ಪದ್ಯವೆಂದು ನಂಬಿದ್ದ ಕಾಲದಲ್ಲಿ, ಷಟ್ಪದಿಯನ್ನು ಬರೆಯಬಲ್ಲೆನೆಂದು ತೋರಿಸಿಕೊಟ್ಟವನೇ ಅದನ್ನು ಕೈಬಿಡುವುದು ಅಶಕ್ತಿಯಲ್ಲ, ಆಯ್ಕೆ.

ಎರಡನೆಯ ತೀರ್ಪು ಭಾಷೆಯನ್ನು ಕುರಿತುದು. ಕವಿಯು ಪಾಂಡಿತ್ಯವನ್ನು ಮೆರೆದು ಸಂಸ್ಕೃತ ಸಮಾಸಗಳ ಹೊರೆಯನ್ನು ಹೊರಿಸಿ ಕತೆಯನ್ನು ಆರಂಭಿಸುತ್ತಲೇ ಮನೋರಮೆಯು ತಡೆಯುತ್ತಾಳೆ. ತಿಳಿಯದ ಮಾತಿನ ಸೊಗಸು ತನಗೆ ಬೇಡ, ಕನ್ನಡದಲ್ಲಿಯೇ ಹೇಳಬೇಕೆನ್ನುತ್ತಾಳೆ. ಮುದ್ದಣನು ಪೂರ್ತಿ ಸೋಲುವುದಿಲ್ಲ. ಎರಡು ಭಾಷೆಗಳನ್ನೂ ಹದವರಿತು ಬೆರಸಬಹುದೆಂದು ವಾದಿಸುತ್ತಾನೆ. ಆ ವಾದಕ್ಕೆ ಅವನು ತರುವ ಹೋಲಿಕೆಯು ಕರಿಮಣಿಯದೂ ಹವಳದ್ದೂ. ಲಾಕ್ಷಣಿಕರ ಗ್ರಂಥಗಳಲ್ಲಿ ಈ ವಿಚಾರಕ್ಕೆ ಬೇಕಾದಷ್ಟು ದೃಷ್ಟಾಂತಗಳಿದ್ದರೂ ಅವನು ಕೈನೀಡಿದುದು ಎದುರಿಗೆ ಕುಳಿತ ಹೆಂಡತಿಯ ಕೊರಳಿನ ಒಡವೆಯ ಕಡೆಗೆ. ಶೈಲಿಯ ಸಿದ್ಧಾಂತವೊಂದನ್ನು ದಿನಬಳಕೆಯ ವಸ್ತುವಿನಿಂದ ಇಷ್ಟು ಸುಲಭವಾಗಿ ವಿವರಿಸಿದ ಕವಿಯನ್ನು ಕಾಣುವುದು ಅಪರೂಪ. ವಾದದಲ್ಲಿ ಗೆದ್ದವನು ಮುದ್ದಣನಾದರೂ, ವಾದಕ್ಕೆ ಬೇಕಾದ ಮಾತನ್ನು ಒದಗಿಸಿದುದು ಮನೆ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಮನೋರಮೆಯು ಕವಿಯ ಸೃಷ್ಟಿಯಲ್ಲವೆ? ಅವಳ ಬಾಯಿಂದ ಬಂದುದೆಲ್ಲ ಅವನೇ ಆಡಿಸಿದ ಮಾತಲ್ಲವೆ? ಹಾಗಿದ್ದ ಮೇಲೆ ಇದು ಪರೀಕ್ಷೆ ಹೇಗಾದೀತು? ಮುದ್ದಣನ ಪತ್ನಿ ಕಮಲಾಬಾಯಿಯನ್ನೇ ಮನೋರಮೆಯೆಂದು ಹೇಳುವವರುಂಟು. ಅದು ರಮ್ಯವಾದ ಊಹೆ. ಆದರೆ ಆಕ್ಷೇಪಕ್ಕೆ ಉತ್ತರವಾಗಲಾರದು. ಉತ್ತರವು ಗ್ರಂಥದಲ್ಲಿಯೇ ಇದೆ. ಕವಿಯು ತನ್ನನ್ನು ಹೊಗಳಿಸಿಕೊಳ್ಳುವುದಕ್ಕಾಗಿ ಮನೋರಮೆಯನ್ನು ನಿರ್ಮಿಸಿದ್ದರೆ ಅವಳು ತಲೆದೂಗುವ ಕೇಳುಗಳಾಗಿ ಉಳಿಯುತ್ತಿದ್ದಳು. ಅವಳು ಹಾಗಿಲ್ಲ. ಗಂಡನ ಜಂಬವನ್ನು ಇಳಿಸುತ್ತಾಳೆ. ಕತೆ ಬೇಸರವಾದರೆ ಬೇಸರವೆನ್ನುತ್ತಾಳೆ. ಸೀತೆಯ ಕಷ್ಟಕ್ಕೆ ಮರುಗುತ್ತಾಳೆ. ತಾನು ಕಷ್ಟಪಟ್ಟು ಕಲಿತ ಪ್ರೌಢಶೈಲಿಯನ್ನೇ ತನ್ನ ಗ್ರಂಥದಲ್ಲಿ ಒಬ್ಬಳಿಂದ ನಗಿಸಿಕೊಳ್ಳುವುದಕ್ಕೆ ಕವಿಗೆ ಕಲಿಕೆಯ ಇನ್ನೊಂದು ಮೆಟ್ಟಿಲು ಏರಿರಬೇಕು. ಬರಹಗಾರನು ಮೊದಲು ಪದಗಳನ್ನು ಕೂಡಿಸುವುದನ್ನು ಕಲಿಯುತ್ತಾನೆ; ಆ ಮೇಲೆ, ಕೂಡಿಸಿದುದನ್ನು ಇನ್ನೊಬ್ಬರ ಕಿವಿಯಿಂದ ಕೇಳುವುದನ್ನು ಕಲಿಯುತ್ತಾನೆ. ಎರಡನೆಯದೇ ಕಷ್ಟದ ಪಾಠ. ಮನೋರಮೆಯು ಆ ಪಾಠದ ಹೆಸರು.

ಆದರೂ ಗ್ರಂಥದ ಕೊರತೆಗಳನ್ನು ಮರೆಮಾಚಬಾರದು. ಯಜ್ಞದ ಕುದುರೆಯು ದೇಶದಿಂದ ದೇಶಕ್ಕೆ ಹೋದಂತೆ ಕಾಳಗದ ಮೇಲೆ ಕಾಳಗವು ಬರುತ್ತದೆ; ಶತ್ರುಘ್ನ ಪುಷ್ಕಲರ ಪರಾಕ್ರಮಕ್ಕೆ ಬಿಡುವಿಲ್ಲ. ಕಟ್ಟುವವನು, ಬಿಡಿಸುವವನು, ಮೂರ್ಛೆ ಹೋಗುವವನು, ಎಚ್ಚರಗೊಳ್ಳುವವನು ಎಂಬ ಪಾತ್ರಗಳಲ್ಲಿ ಹೆಸರು ಮಾತ್ರ ಬದಲಾಗುತ್ತದೆ. ಇಂಥ ಸ್ಥಳಗಳಲ್ಲಿ ಗದ್ಯವು ಪೂರ್ವಿಕರ ಯುದ್ಧವರ್ಣನೆಯ ಪಡಿಯಚ್ಚಾಗಿ ಭಾರವಾಗುತ್ತದೆ. ಮನೋರಮೆಯು ಬಹಳ ಹೊತ್ತು ಸುಮ್ಮನಿದ್ದಾಗಲೇ ಹೀಗಾಗುತ್ತದೆಂಬುದನ್ನು ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ಅವಳು ಬಾಯಿ ತೆರೆದೊಡನೆ ವಾಕ್ಯಗಳು ಚಿಕ್ಕವಾಗುತ್ತವೆ, ದೇಶ್ಯ ಶಬ್ದಗಳು ಮೇಲಕ್ಕೇಳುತ್ತವೆ, ನಗೆ ಬರುತ್ತದೆ. ಮುದ್ದಣನಿಗೆ ಅವಳು ಎಷ್ಟು ಅವಶ್ಯಕಳಾಗಿದ್ದಳೆಂಬುದಕ್ಕೆ ಅವಳ ಮಾತುಗಳಷ್ಟೇ ಅವಳ ಮೌನವೂ ಸಾಕ್ಷಿಯಾಗಿದೆ.

ಇನ್ನೊಂದು ಕೊರತೆಯು ಇದಕ್ಕಿಂತ ಆಳವಾದುದು. ಗ್ರಂಥದ ಮುದ್ದಣನು ಅರಮನೆಯ ಕವಿ. ನಿಜವಾದ ಮುದ್ದಣನು ಶಾಲೆಯ ಡ್ರಿಲ್ ಮಾಸ್ತರ. ಹಳೆಯ ಕವಿಯ ವೇಷವನ್ನು ಹಾಕಿದ ಮೇಲೆ ಶಾಲೆಯ ಅಂಗಳವನ್ನೂ ತಿಂಗಳ ಕೊನೆಯ ಕೈಬಿಕ್ಕಟ್ಟನ್ನೂ ಗ್ರಂಥದೊಳಕ್ಕೆ ಬಿಡುವಂತಿಲ್ಲ. ಮನೆಯ ಸರಸವು ಒಳಗೆ ಬಂದಿತು. ಮನೆಯ ಬವಣೆಯು ಹೊರಗೇ ನಿಂತಿತು. ಭಾಷೆಗೂ ಇದೇ ಗತಿಯಾಯಿತು. ತಿಳಿಯುವ ಕನ್ನಡದಲ್ಲಿ ಹೇಳಬೇಕೆಂಬ ತೀರ್ಪನ್ನು ಕೊಟ್ಟ ಮನೋರಮೆಯೇ ಆ ತೀರ್ಪನ್ನು ಆಡುವುದು ಹಳಗನ್ನಡದ ಪ್ರತ್ಯಯಗಳಲ್ಲಿ. ಅವಳು ಕೇಳಿದುದರಲ್ಲಿ ಅರ್ಧವನ್ನು ಮಾತ್ರ ಮುದ್ದಣನು ಕೊಡಬಲ್ಲವನಾದನು. ಗದ್ಯವನ್ನು ಕೊಟ್ಟನು, ದಿನಬಳಕೆಯ ಮಾತನ್ನು ಕೊಡಲಿಲ್ಲ.

ಅದನ್ನು ಕೊಡುವುದು ಆ ಕಾಲಕ್ಕೆ ಅಸಾಧ್ಯವಾಗಿದ್ದಿತೇ ಎಂದು ಕೇಳಬಹುದು. ಅಸಾಧ್ಯವಾಗಿರಲಿಲ್ಲವೆಂಬುದಕ್ಕೆ ಅದೇ ಕರಾವಳಿಯ ಇನ್ನೊಂದು ಗ್ರಂಥವೇ ಪ್ರಮಾಣ. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯು 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಹೆಸರಿದೆ. ವೆಂಕಟರಾಯರು ಪೊಲೀಸು ಇಲಾಖೆಯ ಅಧಿಕಾರಿಗಳಾಗಿದ್ದವರು. ಎಳೆಯ ವಿಧವೆಯೊಬ್ಬಳ ಬಾಳನ್ನು ಮರೆಯಿಲ್ಲದೆ ತಮ್ಮ ಕಾಲದ ಗದ್ಯದಲ್ಲಿ ತಮ್ಮ ಕಾಲದ ಜನರಿಗಾಗಿ ಬರೆದರು. ಉಡುಪಿಗೂ ಮಂಗಳೂರಿಗೂ ಇರುವ ದೂರ ಅಷ್ಟೇನೂ ಹೆಚ್ಚಲ್ಲ, ವರ್ಷಗಳೂ ಒಂದೇ. ಒಬ್ಬರು ಹಳೆಯ ಕತೆಯೊಳಕ್ಕೆ ಮನೆಯ ಮಾತನ್ನು ತಂದರು. ಇನ್ನೊಬ್ಬರು ಮನೆಯ ಕತೆಯನ್ನೇ ಗ್ರಂಥವಾಗಿಸಿದರು. ವಸ್ತುವಿನ ಧೈರ್ಯದಲ್ಲಿ ಇಂದಿರಾಬಾಯಿಯು ಮುಂದೆ. ಮಾತಿನ ಜೀವದಲ್ಲಿ ರಾಮಾಶ್ವಮೇಧದ ಸಂವಾದವು ಮುಂದೆ. ಮುಂದಿನ ಕನ್ನಡ ಗದ್ಯಕ್ಕೆ ಎರಡೂ ಬೇಕಾದುವು. ಇಪ್ಪತ್ತನೆಯ ಶತಮಾನದ ಸಣ್ಣಕತೆಗಾರರೂ ಪ್ರಬಂಧಕಾರರೂ ಬರೆದುದನ್ನು ಮನೋರಮೆಗೆ ಓದಿ ಹೇಳಿದ್ದರೆ ಅವಳು ತನ್ನ ಬೇಡಿಕೆಯ ಉಳಿದರ್ಧವೂ ಸಂದಿತೆಂದು ಒಪ್ಪುತ್ತಿದ್ದಳೇನೋ.

ಹೆಸರನ್ನು ಮರೆಸಿದುದರಿಂದ ಮುದ್ದಣನಿಗೆ ಏನು ಸಿಕ್ಕಿತು, ಏನು ಹೋಯಿತು? ಗ್ರಂಥಗಳು ಅಚ್ಚಾದುವು, ಪಂಡಿತರ ಕೈಸೇರಿದುವು, ಇಷ್ಟು ಲಾಭ. ಆದರೆ ಮೆಚ್ಚಿಕೆಯೆಲ್ಲ ಇಲ್ಲದ ಪ್ರಾಚೀನ ಕವಿಗೆ ಸಂದಿತು. ಮೆಚ್ಚಿಕೆ ಹೋದರೆ ಹೋಗಲಿ, ಅದಕ್ಕಿಂತ ದೊಡ್ಡ ನಷ್ಟವೊಂದುಂಟು. ಪ್ರಾಚೀನ ಕವಿಗೆ ಯಾರೂ ಸಲಹೆಯನ್ನು ಹೇಳುವುದಿಲ್ಲ. ಅವನ ತಪ್ಪುಗಳನ್ನು ಪಾಠಾಂತರಗಳೆಂದು ಕಾಪಾಡುತ್ತಾರೆ. ತಿದ್ದುವ ಗೆಳೆಯರಿಂದಲೂ ಎದುರಾಡುವ ವಿಮರ್ಶಕರಿಂದಲೂ ದೊರೆಯಬೇಕಾದ ಕಲಿಕೆಯು ಅವನಿಗೆ ಅಷ್ಟರಮಟ್ಟಿಗೆ ತಪ್ಪಿತು. ಮನೋರಮೆಯು ಗ್ರಂಥದೊಳಗೆ ಅಷ್ಟು ಮಾತನಾಡುವುದಕ್ಕೆ ಇದೂ ಒಂದು ಕಾರಣವಿರಬಹುದು: ಹೊರಗೆ ಅವನೊಡನೆ ಆ ಗ್ರಂಥವನ್ನು ಕುರಿತು ಬಾಯಿಬಿಟ್ಟು ಮಾತನಾಡಬಲ್ಲವರು ಬೆರಳೆಣಿಕೆಯವರಾಗಿದ್ದಿರಬೇಕು. ಹಾಗೆ ನೋಡಿದರೆ ಆ ಸರಸಸಲ್ಲಾಪದ ಕೆಳಗೆ ಒಂಟಿಯಾಗಿ ಬರೆಯುವವನ ಹಂಬಲವು ಕಾಣುತ್ತದೆ. ನಗುತ್ತ ಓದುವ ಪುಟಗಳಲ್ಲಿ ಇದನ್ನು ಕಂಡವರಿಗೆ ನಗೆಯು ಕಡಿಮೆಯಾಗುವುದಿಲ್ಲ, ಮರುಕವು ಕೂಡಿಕೊಳ್ಳುತ್ತದೆ.

ಜಿಲ್ಲೆ ಜಿಲ್ಲೆಗಳಲ್ಲಿ, ಶಾಲೆ ಕಚೇರಿಗಳ ಕೆಲಸ ತೀರಿದ ಮೇಲೆ ದೀಪದ ಮುಂದೆ ಕುಳಿತು ಬರೆಯುವ ತರುಣರು ಇಂದಿಗೂ ಉಂಟು. ದೊಡ್ಡ ಊರಿನಲ್ಲಿ ಹುಟ್ಟಲಿಲ್ಲ, ದೊಡ್ಡವರ ಪರಿಚಯವಿಲ್ಲ, ಬೇಕಾದಷ್ಟು ಬಿಡುವಿಲ್ಲ ಎಂಬ ಕೊರಗು ಅವರಲ್ಲಿ ಸಹಜವಾಗಿಯೇ ಇರುತ್ತದೆ. ನಂದಳಿಕೆಯ ಡ್ರಿಲ್ ಮಾಸ್ತರನಿಗೆ ಇವುಗಳಲ್ಲಿ ಒಂದೂ ಇದ್ದಿಲ್ಲ, ಆಯುಸ್ಸೂ ಇದ್ದಿಲ್ಲ. ಅವನಿಗೆ ಇದ್ದುವು ರಾತ್ರಿಯ ಆಟ, ಕೈಗೆ ಸಿಕ್ಕ ಪುಸ್ತಕ, ಒಬ್ಬಿಬ್ಬರು ಗೆಳೆಯರು, ಮನೆಯ ಮಾತು. ಇಷ್ಟರಿಂದಲೇ ಎಲ್ಲರೂ ಮುದ್ದಣರಾಗುವರೆಂದು ಹೇಳುವುದು ಸುಳ್ಳಾದೀತು. ಆದರೆ ಬರೆದುದನ್ನು ಪಂಡಿತನಲ್ಲದ ಒಬ್ಬ ಬುದ್ಧಿವಂತ ಕೇಳುಗನ ಮುಂದೆ ಓದಿ, ಆ ಮುಖದಲ್ಲಿ ಬೇಸರವು ಕಂಡ ಕಡೆ ನಿಲ್ಲಿಸುವ ಧೈರ್ಯವನ್ನು ರಾಮಾಶ್ವಮೇಧದಿಂದ ಯಾರೂ ಕಲಿಯಬಹುದು. ಮುದ್ದಣನು ಆ ಬೇಸರವನ್ನು ಕಂಡನು; ಕಂಡುದನ್ನು ಮುಚ್ಚಿಡದೆ ಗ್ರಂಥದಲ್ಲಿಯೇ ಬರೆದಿಟ್ಟನು. ತನ್ನಿಂದ ಪೂರ್ತಿಯಾಗಿ ನಡೆಸಲಾಗದ ತೀರ್ಪನ್ನೂ ಸರಿಯಾದ ತೀರ್ಪೆಂದು ಒಪ್ಪಿ ದಾಖಲೆ ಮಾಡಿದ ಪ್ರಾಮಾಣಿಕತೆಯು ಅವನ ಕಲಿಕೆಯ ಫಲ. ಆ ಫಲವು ಕನ್ನಡಕ್ಕೆ ದಕ್ಕಿದೆ.